ಮಾನ್‌ಸುವಿನ ಪಾಲಿನ ಅನ್ನ

ನಮ್ಮ ಮಾವ ಪ್ಯೋ ಸಾಂಗ್‌ಜಿನ್ ಬಿಸಿ ಅನ್ನ ಉಂಡದ್ದನ್ನು ನಾನು ಕಂಡಿಲ್ಲ. ಯುದ್ಧದಲ್ಲಿ ಕ್ಯಾಪ್ಟನ್ ಆಗಿದ್ದವರು, ಆಮೇಲೆ ಈ ಕಣಿವೆಯ ಹಳ್ಳಿಗಳಿಗೆಲ್ಲ ಮುಖ್ಯಸ್ಥರಾದವರು. ನಾಯಕನಾದವನು ಎಲ್ಲರಿಗಿಂತ ಕೊನೆಗೆ ಉಣ್ಣಬೇಕು ಎಂದು ಭಾಷಣ ಮಾಡುತ್ತಿದ್ದರು, ಜನ ಚಪ್ಪಾಳೆ ತಟ್ಟುತ್ತಿದ್ದರು. ಅವರಿಗಾಗಿ ಎರಡೆರಡು ಸಲ ಪಾತ್ರೆ ತೊಳೆಯುವ ಸೊಸೆಗೆ ಯಾರೂ ತಟ್ಟಲಿಲ್ಲ ಬಿಡಿ.

ನದಿಯ ತಿರುವಿನಲ್ಲಿ ಮಾನ್‌ಸುವಿನ ಅಮ್ಮ ಒಬ್ಬಳೇ ಇದ್ದಳು. ಮಗ ಮಾವನ ತುಕಡಿಯಲ್ಲಿದ್ದ. ಯುದ್ಧದ ಮೊದಲ ಚಳಿಗಾಲದಲ್ಲೇ 'ಕಾಣೆಯಾಗಿದ್ದಾನೆ' ಎಂದು ಸುದ್ದಿ ಬಂತು. ಅಂದಿನಿಂದ ಆಕೆ ದಿನವೂ ಮೊದಲು ಬಡಿಸಿದ ಅನ್ನವನ್ನು ಹಿತ್ತಾಳೆ ಬಟ್ಟಲಿಗೆ ಹಾಕಿ, ಮುಚ್ಚಿ, ಅಡಿಯಿಂದ ಒಲೆಯ ಕಾವು ಹಾಯುವ ಬೆಚ್ಚನೆಯ ನೆಲದ ಮೇಲೆ ರಜಾಯಿಯ ಅಡಿ ಇಡುತ್ತಿದ್ದಳು. ದೂರ ಹೋದವರಿಗೆ ನಾವು ಹಾಗೆ ಎತ್ತಿಡುತ್ತೇವೆ. ಸತ್ತವರಿಗಾದರೆ ತಿಥಿ ನೋಡಿ ಎಡೆ ಇಡುತ್ತೇವೆ. ಕಾಣೆಯಾದವನಿಗೆ ತಿಥಿ ಎಲ್ಲಿಂದ ತರುವುದು?

ಆಕೆಯ ಮನೆಯ ಚಾವಣಿ ಸರಿಪಡಿಸಿಕೊಟ್ಟವರು, ಚಳಿಗೆ ಕಲ್ಲಿದ್ದಲು ಹೊತ್ತು ತಂದವರು ಮಾವನೇ. ಆದರೆ ಜಗಲಿ ದಾಟಿ ಒಳಗೆ ಹೋದವರಲ್ಲ. ನದಿ ಹೆಪ್ಪುಗಟ್ಟಿದಾಗಲಂತೂ ಸೇತುವೆಯ ಹತ್ತಿರವೂ ಸುಳಿಯುತ್ತಿರಲಿಲ್ಲ. ಮಂಜುಗಡ್ಡೆಯ ಕೆಳಗಿನಿಂದ ಯಾರೋ ಬಡಿಯುತ್ತಾರೆ ಎನ್ನುತ್ತಿದ್ದರು ಮಾವ.

ಮಾವ ಜಿಲ್ಲಾ ಸಭೆಯ ಚುನಾವಣೆಗೆ ನಿಂತ ವರ್ಷ ಮತ ಕೇಳಲು ಅವರೂ ನಾನೂ ಆಕೆಯ ಮನೆಗೆ ಹೋದೆವು. ಮುದುಕಿ ಅವರ ತೋಳು ಹಿಡಿದು ಒಳಗೆಳೆದಳು.

"ಓಟು ನಿಂಗೇ ಕ್ಯಾಪ್ಟನ್, ಇನ್ಯಾರಿಗೆ ಹಾಕ್ಲಿ? ಮುಖ ನೋಡು, ಬಾಡಿದ ಮೂಲಂಗಿ ಥರ ಆಗಿದೆ. ಕೂತ್ಕೋ, ಉಣ್ಣು."

ರಜಾಯಿ ಸರಿಸಿ ಬಟ್ಟಲನ್ನು ಅವರ ಮುಂದಿಟ್ಟು ಮುಚ್ಚಳ ತೆಗೆದಳು. ಆವಿ ಎದ್ದಿತು.

"ಅಮ್ಮಾ, ಇದು ಮಾನ್‌ಸುದು," ಎಂದರು ಮಾವ.

"ಗೊತ್ತು ಕಣಪ್ಪ. ಅವನನ್ನ ನೋಡ್ಕೊಂಡೋನು ನೀನು. ಒಂದಿನ ನೀನು ಉಂಡ್ರೆ ಅವನೇನು ಬೇಜಾರು ಮಾಡ್ಕೊಳಲ್ಲ."

ಮಾವನ ಕೈ ಚಮಚದ ಮೇಲಿತ್ತು, ಏಳಲಿಲ್ಲ. ಬಾಯಿ ಬಿಟ್ಟಾಗ ದನಿ ಗುರುತು ಸಿಗದಂತಿತ್ತು.

"ಅವನು ಕಾಣೆಯಾಗಿಲ್ಲಮ್ಮ. ಎಲ್ರೂ ನದಿ ದಾಟಿ ಅಂತ ಹೇಳ್ದೆ. ಮಂಜುಗಡ್ಡೆ ತೆಳುವಾಗಿದೆ ಕ್ಯಾಪ್ಟನ್, ಬೇಡ ಅಂದ. ಕೊಟ್ಟ ಆಜ್ಞೆ ವಾಪಸ್ ತಗೊಂಡ್ರೆ ನಾಳೆ ಯಾರೂ ನನ್ನ ಮಾತು ಕೇಳಲ್ಲ ಅಂದ್ಕೊಂಡೆ. ನೀನೇ ಮೊದ್ಲು ಹೋಗು ಅಂದೆ. ನಡು ನದೀಲಿ ಒಡೀತು. ನಮ್ಮ ಕಾಲಡಿಯಿಂದ ಬಡೀತಿದ್ದ, ಒಡೆದು ತೆಗೆಯೋಕೆ ನಮ್ಮ ಕೈಲಿ ಆಗ್ಲಿಲ್ಲ. ಕಾಣೆ ಅಂತ ಹೇಳಿ ಕಳಿಸ್ದೋನೂ ನಾನೇ."

ನಾನು ಗೋಡೆಗೆ ಒರಗಿ ನಿಂತಿದ್ದೆ. ಇಷ್ಟು ವರ್ಷ ಹೆಮ್ಮೆಪಟ್ಟ ಮನುಷ್ಯನ ಮೇಲೆ ಆ ಕ್ಷಣ ಹೇಸಿಗೆಯಾಯಿತು, ಅಯ್ಯೋ ಎಂದೂ ಅನಿಸಿತು. ಮುದುಕಿ ಅಳಲಿಲ್ಲ. ಬಟ್ಟಲಿಗೆ ಮುಚ್ಚಳ ಮುಚ್ಚಿದಳು.

"ಯಾವತ್ತು?"

"ಅಮ್ಮಾ, ನನ್ನನ್ನ ಏನು ಬೇಕಾದ್ರೂ..."

"ದಿನ ಹೇಳು ಮೊದ್ಲು. ನಲವತ್ತು ವರ್ಷದಿಂದ ನನ್ನ ಮಗ ಎಡೆ ಇಲ್ದೆ ಅಲೀತಿದಾನೆ. ನಿನ್ನ ಬೈಯೋದು ಆಮೇಲೆ ನೋಡ್ಕೋತೀನಿ."

ಮಾವ ದಿನ ಹೇಳಿದರು. ಆಕೆ ಬೆರಳು ಮಡಿಸಿ ತಿಥಿ ಲೆಕ್ಕ ಹಾಕಿದಳು, ಮಾರುಕಟ್ಟೆಯಿಂದ ಒಣಮೀನು ತರಿಸಬೇಕು ಎಂದಳು.

ಚುನಾವಣೆಯಲ್ಲಿ ಮಾವ ಗೆದ್ದರು. ಆಮೇಲೂ ಪ್ರತಿ ವಾರ ಆಕೆಯ ಅಂಗಳಕ್ಕೆ ಹೋಗಿ ತಲೆ ತಗ್ಗಿಸಿ ನಿಲ್ಲುತ್ತಿದ್ದರು. ಆಕೆ ಚಳಿಯ ಮಾತು, ಎಲೆಕೋಸಿನ ಬೆಲೆಯ ಮಾತು ಆಡಿ ಕಳಿಸುತ್ತಿದ್ದಳು. ಮೂರನೆಯ ವರ್ಷ ತೀರಿಕೊಂಡಳು. ಬೈಯಲೇ ಇಲ್ಲ. ಮಾವ ಇವತ್ತಿಗೂ ಊಟದ ನಡುವೆ ತಟ್ಟನೆ ಕೈ ನಿಲ್ಲಿಸಿ ಬಾಗಿಲ ಕಡೆ ತಿರುಗುತ್ತಾರೆ. "ಅಮ್ಮ ಕರೆದ್ರಾ?" ಎಂದು ನನ್ನನ್ನು ಕೇಳುತ್ತಾರೆ.