ಬೆಳಕಿಂಡಿಗೆ ತುರುಕಿದ ಸೀರೆ

ನಂಬುವವರು ನಂಬಿ, ನಗುವವರು ನಗಿ. ಯಾರನ್ನೂ ಒಪ್ಪಿಸಲೇಬೇಕೆಂಬ ಹಟ ನನಗಿಲ್ಲ. ಆದರೆ ‘ಕಥೆ ಕಟ್ಟುತ್ತಾಳೆ’ ಎಂದು ಮಾತ್ರ ಅನ್ನಬೇಡಿ, ನನಗೆ ಸಿಟ್ಟು ಬರುತ್ತದೆ. ಆ ರಾತ್ರಿ ಆ ಕೋಣೆಯಲ್ಲಿ ಮಲಗಿದ್ದವಳು ನಾನು. ನನ್ನ ಮಗ್ಗುಲಲ್ಲಿದ್ದದ್ದು ಇನ್ನೂ ಹೆಸರಿಡದ ನನ್ನ ಕೂಸು.

ಎಂಬತ್ತರ ದಶಕದ ಮಾತು. ನಮ್ಮವರು ರೈಲ್ವೆಯಲ್ಲಿ ಗೂಡ್ಸ್ ಗಾರ್ಡ್ ಆಗಿದ್ದರು. ಧಾರವಾಡ ಬಿಟ್ಟು ನಾಗಪುರದ ಅಜನಿ ಕಡೆ ಒಂದು ಹಳೆಯ ಕ್ವಾರ್ಟರ್ಸಿನಲ್ಲಿ ಸಂಸಾರ ಹೂಡಿದ್ದೆವು. ಎತ್ತರದ ಗೋಡೆ, ಮೇಲೆ ಗಚ್ಚಿನ ಸೂರು. ಸೂರಿಗೆ ತಾಗಿದ ಹಾಗೆ ಗಾಜಿನ ಬೆಳಕಿಂಡಿ. ಅದನ್ನು ತೆರೆದು ಮುಚ್ಚಲು ಒಂದು ಹಗ್ಗ, ಹಗ್ಗದ ತುದಿಗೆ ಮರದ ಗುಂಡು. ಬೆಳಕಿಂಡಿ ತೆರೆದಿದ್ದರೆ ಗಾಳಿಗೆ ಆ ಗುಂಡು ಗೋಡೆಗೆ ಬಡಿಯುತ್ತಿತ್ತು. ಟಕ್... ಟಕ್... ಆ ಸದ್ದನ್ನು ಸ್ವಲ್ಪ ನೆನಪಿನಲ್ಲಿಡಿ.

ಚೊಚ್ಚಲ ಹೆರಿಗೆಗೆ ನಾನು ತವರಿಗೆ ಹೋಗಬೇಕಿತ್ತು. ಡಾಕ್ಟರು ರೈಲು ಹತ್ತಲೇಬೇಡ ಎಂದುಬಿಟ್ಟರು. ರೈಲ್ವೆಯವನ ಹೆಂಡತಿಗೆ ರೈಲೇ ಬೇಡವಂತೆ! ಹೀಗಾಗಿ ಬಾಣಂತನಕ್ಕೆ ಅವ್ವನೇ ನಾಗಪುರಕ್ಕೆ ಬಂದಿಳಿದಳು. ಅವಳ ಗಂಟಿನಲ್ಲಿ ಉಂಡೆ ಕಟ್ಟುವ ಅಂಟು, ಕೊಬ್ಬರಿ, ಲೋಬಾನ ಎಲ್ಲ ಇದ್ದವು. ಹಟವನ್ನಂತೂ ಎರಡು ಚೀಲದಷ್ಟು ತಂದಿದ್ದಳು.

ನಾಗಪುರದ ಬಿಸಿಲಿನ ಬಗ್ಗೆ ಎಲ್ಲರೂ ಹೇಳುತ್ತಾರೆ, ಚಳಿಯ ಬಗ್ಗೆ ಯಾರೂ ಹೇಳುವುದಿಲ್ಲ. ಡಿಸೆಂಬರಿನಲ್ಲಿ ಅಲ್ಲಿ ನೆಲಕ್ಕೆ ಕಾಲಿಟ್ಟರೆ ಎಲುಬಿನವರೆಗೂ ಕೊರೆಯುತ್ತದೆ. ನನ್ನ ಕೂಸು ಹುಟ್ಟಿದ್ದೂ ಆ ಚಳಿಯಲ್ಲೇ. ನಮ್ಮವರ ಗೆಳೆಯ ರಾಜಣ್ಣ ಎಂಬ ಮೈಸೂರಿನವರು ಏರ್‌ಫೋರ್ಸಿನಲ್ಲಿದ್ದರು. ಅವರಿಗೆ ಅದೇ ತಿಂಗಳು ಮದ್ರಾಸಿಗೆ ವರ್ಗವಾಯಿತು. ಉತ್ತರದ ಕಡೆಯಿಂದ ತಂದಿದ್ದ ಗ್ಯಾಸ್ ಹೀಟರನ್ನು ನಮ್ಮ ಮನೆಗೆ ಹೊತ್ತು ತಂದರು.

“ಮದ್ರಾಸಲ್ಲಿ ಹೀಟರ್ ಹಚ್ಚಿದ್ರೆ ನನ್ನ ಹುಚ್ಚಾಸ್ಪತ್ರೆಗೆ ಸೇರಿಸ್ತಾರೆ. ಬಾಣಂತಿ ಮನೇಲಿ ಉಪಯೋಗಕ್ಕೆ ಬರಲಿ, ಇಟ್ಕೊಳ್ಳಿ.”

ತಾವೇ ನಿಂತು ಜೋಡಿಸಿಯೂ ಕೊಟ್ಟರು. ಸಿಲಿಂಡರ್ ಹೊರಗೆ ವರಾಂಡದಲ್ಲಿ, ಹೀಟರು ಒಳಗೆ, ಮಂಚಕ್ಕೂ ಪರದೆಗೂ ದೂರವಾಗಿ. ಪೈಪಿನ ಸಂದುಗಳಿಗೆ ಸೋಪಿನ ನೀರು ಸವರಿ ಗುಳ್ಳೆ ಏಳುತ್ತದೆಯೋ ಎಂದು ನೋಡಿದರು. ಆಮೇಲೆ ನಮ್ಮೆಲ್ಲರನ್ನೂ ನಿಲ್ಲಿಸಿ ಹೇಳಿದರು.

“ನೋಡೀಮ್ಮಾ, ಇದಕ್ಕೆ ಚಿಮಣಿ ಇಲ್ಲ. ಕೋಣೆಯ ಗಾಳಿಯನ್ನೇ ತಿಂದು ಕೋಣೆಗೇ ಉಗುಳುತ್ತೆ. ಬೆಳಕಿಂಡಿ ತೆಗೆದೇ ಇರಬೇಕು, ಕಿಟಕಿನೂ ಒಂದು ಗೇಣು ತೆಗೆದಿರಲಿ. ಉರಿ ನೀಲಿ ಇದ್ರೆ ಸರಿ, ಹಳದಿ ಆಯ್ತೋ ತಕ್ಷಣ ಆರಿಸಿ. ಮಲಗೋ ಮುಂಚೆ ಅಂತೂ ಆರಿಸ್ಲೇಬೇಕು.”

ಎಲ್ಲರೂ ತಲೆಯಾಡಿಸಿದೆವು. ಅವ್ವನೂ ಆಡಿಸಿದಳು. ರಾಜಣ್ಣ ಗೇಟು ದಾಟಿದ್ದೇ ತಡ, ಕಿಟಕಿ ಧಡ್ ಎಂದು ಮುಚ್ಚಿತು.

“ಬಾಣಂತಿ ಅಂದ್ರ ಹಸೀ ಮೈ. ಈಗ ಗಾಳಿ ಹೊಕ್ತಂದ್ರ ಮುಪ್ಪಾಗೂತನಕ ಹೋಗಂಗಿಲ್ಲ,” ಎಂದಳು ಅವ್ವ.

“ಅವ್ವಾ, ಅವರು ಅಷ್ಟ ಹೇಳಿ ಹೋದ್ರಲ್ಲ...”

“ಅವರೇನು ಹಡದಾರೇನ? ಊರಾಗ ಮಂಚದ ಕೆಳಗ ಕೆಂಡದ ಶೆಗಡಿ ಇಟ್ಟು ನಿಮ್ಮನ್ನೆಲ್ಲಾ ಸಾಕೀನಿ. ಅದರ ಹೊಗಿಗೇ ಏನೂ ಆಗಲಿಲ್ಲ. ಇದಕ್ಕ ಹೊಗೀನ ಇಲ್ಲ, ಬೆಳಕಿಂಡಿ ಯಾಕ ಬೇಕು?”

ಅವಳ ಲೆಕ್ಕ ಅಷ್ಟೇ. ಊರಿನ ಮನೆಗೆ ಹೆಂಚಿನ ಸೂರಿತ್ತು, ಸಂದುಸಂದಿನಲ್ಲೂ ಮನೆ ಉಸಿರಾಡುತ್ತಿತ್ತು. ಈ ಗಚ್ಚಿನ ಕೋಣೆಯಲ್ಲಿ ಉಸಿರಾಡಲು ಇದ್ದದ್ದು ಅದೊಂದು ಬೆಳಕಿಂಡಿ. ಅದು ಆಗ ಯಾರ ತಲೆಗೂ ಹೊಳೆಯಲಿಲ್ಲ.

ಹಗ್ಗ ಎಳೆದು ಮುಚ್ಚಿದರೂ ಬೆಳಕಿಂಡಿಯ ಚೌಕಟ್ಟು ಸೊಟ್ಟಗಾಗಿ ಒಂದು ಸಂದು ಉಳಿಯುತ್ತಿತ್ತು. ಅವ್ವ ಒಂದು ಹಳೆಯ ಸೀರೆಯ ತುಂಡನ್ನು ಕೋಲಿನಿಂದ ಆ ಸಂದಿಗೆ ತುರುಕಿದಳು. ನಮ್ಮ ಕಡೆ ಹುಟ್ಟಿದ ಕೂಸಿಗೆ ಮೊದಲು ಹಿರಿಯರ ಹಳೆಯ ಸೀರೆಯನ್ನೇ ಸುತ್ತುವುದು. ಅದಕ್ಕೆಂದು ನಮ್ಮವರು ತಮ್ಮ ತಾಯಿಯ ಇಳಕಲ್ ಸೀರೆಯೊಂದನ್ನು ಟ್ರಂಕಿನಿಂದ ತೆಗೆದುಕೊಟ್ಟಿದ್ದರು. ಅತ್ತೆ ನನ್ನ ಮದುವೆಗೆ ಮೊದಲೇ ಹೋಗಿಬಿಟ್ಟಿದ್ದರು. ನಾನು ಅವರ ಮುಖವನ್ನೂ ಕಂಡವಳಲ್ಲ. ಅವ್ವ ಆ ಸೀರೆಯನ್ನು ಎರಡಾಗಿ ಹರಿದಿದ್ದಳು. ಅರ್ಧ ಕೂಸಿಗೆ, ಅರ್ಧ ಬೆಳಕಿಂಡಿಗೆ.

ಆ ರಾತ್ರಿ ನಿದ್ದೆಯ ನಡುವೆ ಎಲ್ಲೋ ಕೇಳಿಸಿತು. ಟಕ್... ಟಕ್... ಟಕ್...

ಬೆಳಿಗ್ಗೆ ಎದ್ದರೆ ಬೆಳಕಿಂಡಿ ಪೂರ್ತಿ ತೆರೆದಿತ್ತು. ತುರುಕಿದ್ದ ಸೀರೆ ಕೂಸಿನ ಕಾಲ ಬಳಿ ಇತ್ತು, ಅದೂ ನೀಟಾಗಿ ಮಡಚಿ.

ಅವ್ವನ ಬಾಯಿ ಶುರುವಾಯಿತು. ಹೊರಕೋಣೆಯಲ್ಲಿ ಮಲಗಿದ್ದ ಅಳಿಯನ ಮೇಲೆಯೇ ಅನುಮಾನ. ನಮ್ಮವರು ಬಾಗಿಲಲ್ಲೇ ನಿಂತು, “ಅತ್ತೀ, ನಾ ಒಳಗ ಬಂದೇ ಇಲ್ರಿ. ಆದ್ರ ತೆರದದ್ದು ಚಲೋನ ಆತು,” ಎಂದರು. ಆಮೇಲೆ ಅವರ ಕಣ್ಣು ಆ ತುಂಡಿನ ಮೇಲೆ ಬಿತ್ತು. “ನಮ್ಮವ್ವನ ಸೀರಿ ಹರದ್ರ್ಯಾ?” ಎಂದು ಮೆಲ್ಲಗೆ ಕೇಳಿದರು.

ಮರುದಿನ ನಮ್ಮವರು ಇಟಾರ್ಸಿ ಕಡೆ ಗೂಡ್ಸಿನೊಂದಿಗೆ ಹೋಗಿದ್ದರು. ಮನೆಯಲ್ಲಿ ನಾವಿಬ್ಬರೇ, ಬಾಗಿಲಿಗೆ ಒಳಗಿನಿಂದ ಚಿಲಕ. ಅವ್ವ ಸೀರೆಯನ್ನು ಇನ್ನೂ ಒತ್ತಿ ತುರುಕಿದಳು. ಬೆಳಿಗ್ಗೆ ನೋಡಿದರೆ ಮತ್ತೆ ಬೆಳಕಿಂಡಿ ಬಾಯಿ ತೆರೆದಿದೆ, ಸೀರೆ ಈಗ ಕೂಸಿನ ಮೈಮೇಲೆ ಹೊದಿಸಿದೆ! ಕೋಣೆಯಲ್ಲಿ ಎಂಥದೋ ಘಾಟು. ನಶ್ಯದ ಘಾಟು. ನಮ್ಮ ಮನೆಯಲ್ಲಿ ನಶ್ಯ ಏರಿಸುವವರು ಯಾರೂ ಇರಲಿಲ್ಲ.

“ಅವ್ವಾ, ನೀನ ನಿದ್ದಿಗಣ್ಣಾಗ ಎದ್ದು ತಗೀತಿಯೇನ?”

“ಹುಚ್ಚಿ ಅದೀಯೇನ? ಅಷ್ಟ ಒತ್ತಿ ತುರುಕಿದಾಕಿ ನಾ, ಮತ್ತ ನಾನ ಯಾಕ ತಗೀಲಿ? ನೀನ ಎದ್ದೀಯೇನ ಮತ್ತ?”

ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅವಳಿಗೆ ನನ್ನ ಮೇಲೆ ಅನುಮಾನ, ನನಗೆ ಅವಳ ಮೇಲೆ. ಇಬ್ಬರಿಗೂ ಅದು ಸುಳ್ಳೆಂದು ಗೊತ್ತಿತ್ತು. ಆ ದಿನವಿಡೀ ಕುಳಿತರೆ ಏಳಬೇಕು, ಎದ್ದರೆ ಕೂರಬೇಕು ಅನ್ನಿಸುತ್ತಿತ್ತು. ಕೂಸಿಗೆ ಹಾಲು ಕುಡಿಸುವಾಗಲೂ ನನ್ನ ಕಣ್ಣು ಆ ಹಗ್ಗದ ಮೇಲೆಯೇ ಇತ್ತು. ಗುಂಡು ಸುಮ್ಮನೆ ನೇತಾಡುತ್ತಿತ್ತು... ಏನೂ ಗೊತ್ತಿಲ್ಲದ ಹಾಗೆ.

ನಮ್ಮವರು ಒಮ್ಮೆ ಬಂದು ಊಟ ಮಾಡಿ, ಸಂಜೆ ಮತ್ತೆ ಡ್ಯೂಟಿಗೆ ಹೊರಟರು. ಹೊರಡುವ ಮುನ್ನ ತಾವೇ ಹಗ್ಗ ಎಳೆದು ಬೆಳಕಿಂಡಿ ತೆರೆದರು. “ಅತ್ತೀ, ಕೈಮುಗಿತೀನ್ರಿ. ಇದನ್ನ ಮುಚ್ಚಬ್ಯಾಡ್ರಿ, ಮಲಗೂ ಮುಂದ ಹೀಟರ್ ಆರಸ್ರಿ.”

“ಆತ್ರೀ, ಆತ್ರೀ,” ಎಂದಳು ಅವ್ವ. ಅವಳ ‘ಆತು’ ಎಂದರೆ ಏನೆಂದು ನನಗೆ ಹುಟ್ಟಿದಾಗಿನಿಂದ ಗೊತ್ತು.

ಅವರು ತಿರುವು ದಾಟುವ ಮೊದಲೇ ಅಡುಗೆಮನೆಯ ಮೇಜು ಕೋಣೆಗೆ ಬಂತು. ಮೇಜಿನ ಮೇಲೆ ಸ್ಟೂಲು, ಸ್ಟೂಲಿನ ಮೇಲೆ ಅವ್ವ! ಬೆಳಕಿಂಡಿ ಮುಚ್ಚಿ, ಮೈದಾ ಅಂಟು ಕುದಿಸಿ ಇಡೀ ಚೌಕಟ್ಟಿಗೆ ಮರಾಠಿ ಪೇಪರು ಮೆತ್ತಿದಳು. ಬಾಗಿಲ ಕೆಳಗಿನ ಸಂದಿಗೆ ಗೋಣಿಚೀಲ ಇಟ್ಟಳು. ಅಲೆದಾಡುವ ಆ ಸೀರೆಯ ತುಂಡನ್ನು ಟ್ರಂಕಿಗೆ ಹಾಕಿ ಬೀಗ ಜಡಿದು, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಮೇಜು, ಸ್ಟೂಲು ಮತ್ತೆ ಅಡುಗೆಮನೆಗೆ ಹೋದವು.

“ಈಗ ಯಾವ ದೆವ್ವ ತಗೀತೈತಿ, ತಗೀಲಿ ನೋಡೋಣು.”

“ಬಿಡ್ತು ಅನ್ನ ಅವ್ವಾ!” ಎಂದೆ. ಅನ್ನಲಿಲ್ಲ.

ಹೀಟರು ಉರಿಯುತ್ತಲೇ ಇತ್ತು. ಕೋಣೆ ಬೆಚ್ಚಗಾಯಿತು. ಕೂಸು ಅಳದೆ ಮಲಗಿತು. “ನೋಡು, ಬೆಚ್ಚಗಿದ್ರ ಕೂಸು ಹೆಂಗ ಮಲಗತೈತಿ!” ಎಂದು ಅವ್ವ ಹಿಗ್ಗಿ, ಹೀಟರಿನ ಪಕ್ಕದಲ್ಲೇ ಚಾಪೆ ಹಾಸಿಕೊಂಡಳು.

ನನಗೆ ತಲೆನೋವು ಶುರುವಾಯಿತು. ಬಾಣಂತಿಯ ತಲೆಗೆ ಬಟ್ಟೆ ಕಟ್ಟುತ್ತಾರಲ್ಲ, ಅವ್ವ ಅದನ್ನು ಬಿಗಿಯಾಗಿ ಕಟ್ಟಿದ್ದಾಳೆ ಅಂದುಕೊಂಡೆ. ಹೊಟ್ಟೆ ತೊಳಸಿತು, ಅಂಟಿನ ಉಂಡೆ ಹೆಚ್ಚಾಯಿತು ಅಂದುಕೊಂಡೆ. ಎಲ್ಲದಕ್ಕೂ ಬಾಣಂತನದಲ್ಲಿ ಒಂದೊಂದು ಕಾರಣವಿತ್ತು ನೋಡಿ. ಹೀಟರಿನ ಕಡೆ ಕಣ್ಣು ಹೊರಳಿಸಿದೆ... ಉರಿ ಹಳದಿಯಾಗಿತ್ತು.

ರಾಜಣ್ಣನ ಮಾತು ನೆನಪಾಯಿತು. ಆರಿಸಬೇಕು. ಕೈ ಎತ್ತಲು ಹೋದೆ, ಬರಲಿಲ್ಲ. ‘ಅವ್ವಾ’ ಅನ್ನಲು ಹೋದೆ, ನಾಲಿಗೆ ಹೊರಳಲಿಲ್ಲ. ಕೂಸು ಹಾಲಿಗೂ ಎದ್ದಿಲ್ಲವಲ್ಲ ಎಂಬುದು ಆಗ ಹೊಳೆಯಿತು. ನನ್ನ ಕೂಸು ನನ್ನ ಕೈಯಳತೆಯಲ್ಲೇ ಹೋಗುತ್ತಿದೆ, ನಾನು ಕಟ್ಟಿಗೆಯಂತೆ ಬಿದ್ದಿದ್ದೇನೆ... ಆ ಸಂಕಟ ಯಾವ ತಾಯಿಗೂ ಬೇಡ.

ಆಗ ಕೇಳಿಸಿತು.

ಪರ್ರ್... ಪರ್ರ್... ಗೋಡೆಯ ಮೇಲಿನಿಂದ. ಯಾರೋ ಉಗುರಿನಿಂದ ಪೇಪರು ಬಿಡಿಸುತ್ತಿದ್ದರು. ಅವಸರವಿಲ್ಲ. ಹರಿಯಬಾರದೆಂದು ಜೋಪಾನವಾಗಿ ಬಿಡಿಸುವ ಹಾಗೆ. ಆಮೇಲೆ ಆ ನಶ್ಯದ ಘಾಟು, ಮೂಗಿನ ಹತ್ತಿರವೇ. ನಮ್ಮನ್ನು ಕೊಲ್ಲುತ್ತಿದ್ದ ಗಾಳಿಗೆ ಯಾವ ವಾಸನೆಯೂ ಇರಲಿಲ್ಲ. ವಾಸನೆ ಇದ್ದದ್ದು ಇದಕ್ಕೆ.

ಒರಟಾದ ಅಂಗೈಯೊಂದು ನನ್ನ ಹಣೆ ಮುಟ್ಟಿತು. ತಲೆಗೆ ಕಟ್ಟಿದ ಬಟ್ಟೆಯ ಗಂಟು ಸಡಿಲವಾಯಿತು.

“ಏಳವ್ವಾ... ಕೂಸನ್ನ ಹೊರಗ ಒಯ್ಯಿ...”

ಅವ್ವನೇ ಎದ್ದಳು ಅಂದುಕೊಂಡೆ. ಕಣ್ಣು ತೆರೆದೆ. ಅವ್ವ ಚಾಪೆಯ ಮೇಲೆ ಬಾಯಿ ತೆರೆದು ಬಿದ್ದಿದ್ದಳು.

ಟಕ್... ಟಕ್... ಮುಖಕ್ಕೆ ತಣ್ಣನೆಯ ಗಾಳಿ ರಪ್ಪೆಂದು ಬಡಿಯಿತು. ಹೇಗೆ ಎದ್ದೆನೋ ದೇವರಿಗೇ ಗೊತ್ತು. ಕೂಸನ್ನು ಎದೆಗವಚಿಕೊಂಡು ತೆವಳಿದೆ, ಚಿಲಕ ತೆಗೆದೆ, ವರಾಂಡದಲ್ಲಿ ಬಿದ್ದೆ. ಕೂಸು ಅಳಲಿಲ್ಲ. ಅಲುಗಾಡಿಸಿದೆ. ಅಳಲಿಲ್ಲ. ಬೆನ್ನು ತಟ್ಟಿದೆ, ಅಂಗಾಲು ತಿಕ್ಕಿದೆ... ಕೊನೆಗೊಮ್ಮೆ ಬೆಕ್ಕಿನ ಮರಿಯ ಹಾಗೆ ಸಣ್ಣಗೆ ಕುಂಯ್‌ಗುಟ್ಟಿತು, ಆಮೇಲೆ ಕಿಟಾರನೆ ಕಿರುಚಿತು. ಅಂಥ ಇಂಪಾದ ಸದ್ದು ನಾನು ಈವರೆಗೂ ಕೇಳಿಲ್ಲ.

ಅಳು ಕೇಳಿ ಪಕ್ಕದ ಮನೆಯ ಮರಾಠಿ ಹೆಂಗಸು, ನಾವು ಕಾಕು ಎಂದು ಕರೆಯುತ್ತಿದ್ದವರು, ಓಡಿಬಂದರು. “ಅಗೋ ಬಾಈ! ಕಾಯ ಝಾಲಂ?” ಏನಾಯಿತು ಎಂದು ಕೇಳುತ್ತಲೇ ಸಿಲಿಂಡರ್ ಬಂದ್ ಮಾಡಿ, ಒಳಗೆ ನುಗ್ಗಿ ಅವ್ವನನ್ನು ದರದರ ಎಳೆದು ತಂದರು. ಅವ್ವ ಕಣ್ಣು ಬಿಟ್ಟು ವಾಂತಿ ಮಾಡಿಕೊಂಡಳು. ಬದುಕಿದಳು.

ಆಸ್ಪತ್ರೆಯಲ್ಲಿ ಡಾಕ್ಟರು ಚೆನ್ನಾಗಿ ಬೈದರು. ಮುಚ್ಚಿದ ಕೋಣೆಯಲ್ಲಿ ಆ ಹೀಟರು ಗಾಳಿಯನ್ನು ತಿಂದು ವಿಷಗಾಳಿ ಬಿಡುತ್ತದಂತೆ. ಅದು ಮೂಗಿಗೂ ಕಣ್ಣಿಗೂ ಗೊತ್ತಾಗುವುದಿಲ್ಲವಂತೆ. “ಬೆಳಕಿಂಡಿ ಯಾರು ತೆಗೆದರೋ ಅವರ ಕಾಲಿಗೆ ಬೀಳಿ,” ಎಂದರು.

ಯಾರ ಕಾಲಿಗೆ ಬೀಳುವುದು?

ನಮ್ಮವರು ಬಂದು ಕೋಣೆ ನೋಡಿದರು. ಪೇಪರು ಎಲ್ಲಿಯೂ ಹರಿದಿರಲಿಲ್ಲ, ಇಡಿಯಾಗಿ ನೆಲದ ಮೇಲೆ ಮಡಚಿಟ್ಟಿತ್ತು. ಒಣಗಿದ ಮೈದಾ ಅಂಟಿನಿಂದ ಪೇಪರನ್ನು ಹರಿಯದೆ ಬಿಡಿಸಲು ನಿಮ್ಮಿಂದ ಆದರೆ ನನಗೂ ತೋರಿಸಿ. ಹತ್ತಲು ಕೋಣೆಯಲ್ಲಿ ಒಂದು ಮಣೆಯೂ ಇರಲಿಲ್ಲ.

ಆಸ್ಪತ್ರೆಯಿಂದ ಕೂಸನ್ನು ಎತ್ತಿಕೊಂಡು ಬಂದಿದ್ದ ಕಾಕು ಆಗಲೇ ಅದನ್ನು ನನ್ನ ಮಡಿಲಿಗೆ ಕೊಟ್ಟರು. ಕೂಸಿಗೆ ಸುತ್ತಿದ್ದ ಸೀರೆಯ ಮೇಲೆ ಇನ್ನೊಂದು ಸುತ್ತು ಇತ್ತು. ಅದೇ ಇಳಕಲ್, ಕೆಂಪು ಅಂಚು, ಅದರ ಇನ್ನರ್ಧ.

ಅವ್ವನ ಕೈ ಸೊಂಟಕ್ಕೆ ಹೋಯಿತು. ಕೀಲಿ ಅಲ್ಲೇ ಇತ್ತು. ಟ್ರಂಕಿನ ಬೀಗವೂ ಹಾಕಿದಂತೆಯೇ ಇತ್ತು. ತೆರೆದು ನೋಡಿದೆವು. ಸೀರೆ ಇಟ್ಟ ಜಾಗ ಖಾಲಿ.

ನಮ್ಮವರು ಆ ತುಂಡನ್ನು ಮೂಗಿಗೆ ಹಿಡಿದರು. “ನಮ್ಮವ್ವ ನಶ್ಯಾ ಏರಸತಿದ್ದಳು,” ಎಂದರು. ಅಷ್ಟೇ. ಅವ್ವ ಗೋಡೆಯ ಕಡೆ ತಿರುಗಿ ಅತ್ತಳು. ಹೀಟರು ಆ ದಿನವೇ ಮನೆಯಿಂದ ಹೊರಬಿತ್ತು. ಕೂಸಿಗೆ ಅತ್ತೆಯ ಹೆಸರನ್ನೇ ಇಟ್ಟೆವು, ಗಂಗಾ.

ಇದನ್ನೆಲ್ಲ ಈಗ ಯಾಕೆ ಹೇಳುತ್ತಿದ್ದೇನೆ ಅಂದರೆ, ಹೋದ ವಾರ ಗಂಗಾ ಫೋನ್ ಮಾಡಿದ್ದಳು. ನಾಗಪುರದಲ್ಲೇ, ಮನೀಶ್ ನಗರದಲ್ಲಿ ಹೊಸ ಫ್ಲ್ಯಾಟು ಮಾಡಿದ್ದಾಳೆ. ಅವಳಿಗೆ ನಾನು ಈ ಸಂಗತಿ ಹೇಳಿಯೇ ಇಲ್ಲ.

“ಮಮ್ಮೀ, ಈ ಕೆಲಸದ ಬಾಈಗೆ ಹೇಳಿ ಹೇಳಿ ಸಾಕಾತು. ಥಂಡೀ ಅಂತ ಬಾತ್‌ರೂಮಿನ ಕಿಟಕಿ ನಾ ರೋಜ್ ಬಂದ್ ಮಾಡಿ ಮಲಗತೀನಿ. ಸುಬಹ ಎದ್ದು ನೋಡಿದ್ರ ಖುಲ್ಲಾ, ಪೂರಾ ತೆರದಿರತೈತಿ!”

“ಕೆಲಸದಾಕಿ ಎಷ್ಟೊತ್ತಿಗೆ ಬರತಾಳ?”

“ಹತ್ತರ ಮ್ಯಾಲ...” ಎಂದವಳು ಅಲ್ಲಿಗೇ ನಿಲ್ಲಿಸಿದಳು.

“ನೀರು ಕಾಯಸೂದು ಕರೆಂಟಿಂದೋ, ಗ್ಯಾಸಿಂದೋ?”

“ಗ್ಯಾಸ್ ಗೀಝರ್. ಒಳಗ ಇಟ್ಟೀವಿ. ಯಾಕ ಮಮ್ಮೀ?”

“ಅದನ್ನ ನಾಳೇನ ತಗಸು. ಅಲ್ಲೀತನಕ ಆ ಕಿಟಕಿ ಮುಚ್ಚಬ್ಯಾಡ,” ಎಂದೆ.

ಅತ್ತೆಯ ಸೀರೆಯ ಎರಡೂ ತುಂಡುಗಳನ್ನು ನಾನು ಅದೇ ಟ್ರಂಕಿನಲ್ಲಿ ಇಟ್ಟಿದ್ದೇನೆ. ಟ್ರಂಕು ನನ್ನ ಮಂಚದ ಕೆಳಗೇ ಇದೆ. ಸೀರೆ ಅದರೊಳಗೆ ಇದೆಯೋ ಇಲ್ಲವೋ... ಇನ್ನೂ ತೆಗೆದು ನೋಡಲು ನನಗೆ ಧೈರ್ಯ ಬಂದಿಲ್ಲ.