ಮೂಗಿನ ಚಿತ್ರ, ಬಾಲದ ಚಿತ್ರ

ಯುರೋಪಿನ ಒಂದು ಸಣ್ಣ ದೇಶದ ಎಂಬಸಿಯಲ್ಲಿ ನನಗೆ ಕೆಲಸ ಸಿಕ್ಕಿದಾಗ ನನಗಿಂತ ಹೆಚ್ಚು ಬೀಗಿದವರು ಬಾವ. ಬಾವ ಎಂದರೆ ನನ್ನ ಹೆಂಡತಿಯ ಅಣ್ಣ. ದೋಹಾದ ಮುಶೈರಿಬ್‌ನಲ್ಲಿ ಅವರಿಗೆ ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿಯಿತ್ತು. ಉಳ್ಳಾಲದಿಂದ ನನ್ನನ್ನು ಕರೆಸಿಕೊಂಡವರೂ, ಅಲ್ ಮುಂತಜಾದ ತಮ್ಮ ಫ್ಲ್ಯಾಟಿನಲ್ಲಿ ನಮಗಿಬ್ಬರಿಗೆ ಒಂದು ರೂಮು ಬಿಟ್ಟುಕೊಟ್ಟವರೂ ಅವರೇ. ಅಂಗಡಿಗೆ ಬಂದ ಊರವರಿಗೆಲ್ಲ "ನಮ್ಮ ತಂಗಿಯ ಗಂಡ ಎಂಬಸಿಯಲ್ಲಿ" ಎಂದು ಹೇಳಿಕೊಳ್ಳುತ್ತಿದ್ದರು. ಅಲ್ಲಿ ನಾನು ಮಾಡುವ ಕೆಲಸ ಏನೆಂದು ತಿಳಿದ ದಿನ ಆ ಮಾತು ನಿಂತಿತು.

ನನ್ನ ಕೆಲಸ ಬೆಳಗಿನ ಅರಬಿ ಪತ್ರಿಕೆಗಳನ್ನು ಓದಿ ಇಂಗ್ಲಿಷಿನಲ್ಲಿ ಸಾರ ಬರೆಯುವುದು. ಮಸೀದಿಯ ದರ್ಸ್ ಪಾಠಶಾಲೆಯಲ್ಲಿ ಕಲಿತ ಅರಬಿ, ಮಂಗಳೂರಿನ ಕಾಲೇಜಿನ ಇಂಗ್ಲಿಷ್, ಎರಡೂ ಸೇರಿ ಅನ್ನ ಕೊಟ್ಟಿದ್ದವು. ತೊಂಬತ್ತರ ದಶಕದ ನಡುವಿನ ವರ್ಷಗಳು. ಕತಾರಿನಲ್ಲಿ ಪತ್ರಿಕೆಗಳ ಮೇಲಿನ ಸೆನ್ಸಾರ್ ತೆಗೆದಿದ್ದರು. ಇಸ್ರೇಲಿನವರು ದೋಹಾದಲ್ಲಿ ವ್ಯಾಪಾರದ ಕಚೇರಿ ತೆರೆದಿದ್ದರು. ಜನರ ಸಿಟ್ಟೆಲ್ಲ ವ್ಯಂಗ್ಯಚಿತ್ರಗಳಲ್ಲಿ ಹೊರಬೀಳುತ್ತಿತ್ತು.

ಅದೇ ಹೊತ್ತಿಗೆ ಆ ಯುರೋಪಿನ ದೇಶದ ಸರ್ಕಾರ ತನ್ನ ಎಲ್ಲ ಎಂಬಸಿಗಳಿಗೂ ಆದೇಶ ಕಳಿಸಿತು. ಎಲ್ಲಿ ಯಹೂದಿ ದ್ವೇಷ ಕಂಡರೂ ವರದಿ ಮಾಡಿ, ಅಲ್ಲಿನ ಸರ್ಕಾರದ ಮುಂದೆ ಖಂಡಿಸಿ ಎಂದು. ಸೆಕೆಂಡ್ ಸೆಕ್ರೆಟರಿ ನನ್ನನ್ನು ಕರೆದು ವಿವರಿಸಿದ. ಮೂವತ್ತು ದಾಟದ ಮನುಷ್ಯ, ಕುಳಿತಲ್ಲೇ ಕಾಲು ಅಲ್ಲಾಡಿಸುವವನು.

"ಇಸ್ರೇಲ್ ಸರ್ಕಾರವನ್ನು ಬೈದದ್ದು ನಮಗೆ ಬೇಡ. ಅದು ರಾಜಕೀಯ. ಯಹೂದಿ ಅನ್ನುವ ಕಾರಣಕ್ಕೇ ಮನುಷ್ಯನನ್ನು ಹುಳ ಮಾಡಿ ತೋರಿಸಿದ್ದರೆ ಮಾತ್ರ ಕತ್ತರಿಸಿ ಇಡು."

ಪ್ಯಾಲೆಸ್ತೀನಿನ ಸುದ್ದಿ ಕೇಳಿದರೆ ನನಗೂ ರಕ್ತ ಕುದಿಯುತ್ತಿತ್ತು. ಒಬ್ಬ ಯಹೂದಿಯನ್ನೂ ನಾನು ಕಣ್ಣಾರೆ ಕಂಡಿರಲಿಲ್ಲ. ಆದರೂ ಆ ಗೆರೆ ನನಗೆ ಸರಿಯಾಗಿಯೇ ಕಂಡಿತು. ಚಿತ್ರಗಳು ಹಾಗಿದ್ದವು. ಕೊಕ್ಕೆ ಮೂಗಿನ ಮುದುಕ ಜೇಡನಾಗಿ ಭೂಮಿಯ ಮೇಲೆ ಕುಳಿತದ್ದು, ಯಹೂದಿ ಟೊಪ್ಪಿ ಹಾಕಿದ ಹಾವು ಮಕ್ಕಳ ತೊಟ್ಟಿಲಿಗೆ ಹತ್ತಿದ್ದು. ಒಬ್ಬನೇ ಕಲಾವಿದನ ಕೈ. ಚೆನ್ನಾಗಿ ಬಿಡಿಸುತ್ತಿದ್ದ. ಅದಕ್ಕೇ ಹೆಚ್ಚು ಅಸಹ್ಯವಾಗುತ್ತಿತ್ತು.

ಎಂಬಸಿಯ ಡ್ರೈವರ್ ಮಲಯಾಳಿ, ಬಾವನ ಅಂಗಡಿಯ ಗಿರಾಕಿ. ಅವನ ಬಾಯಿಂದ ಸುದ್ದಿ ಹೋಯಿತು. ಶುಕ್ರವಾರ ಜುಮಾ ಮುಗಿಸಿ ಊಟಕ್ಕೆ ಕುಳಿತಾಗ ಬಾವ ಮೀನಿನ ಮುಳ್ಳು ಬಿಡಿಸುತ್ತಾ ಕೇಳಿದರು.

"ಬೆಳಗ್ಗೆ ಎದ್ದು ಹೋಗಿ ಯಹೂದಿಯ ಮೂಗು ಅಳೆಯುವ ಕೆಲಸವಾ ನಿನ್ನದು?"

"ಬಾವ, ಅದು ಹಾಗಲ್ಲ..."

"ಮತ್ತೆ ಹೇಗೆ? ಅಲ್ಲಿ ನಮ್ಮವರ ಮಕ್ಕಳು ಸಾಯ್ತಾ ಉಂಟು. ಇಲ್ಲಿ ಯಾರೋ ಒಂದು ಚಿತ್ರ ಬಿಡಿಸಿದ್ರೆ ನೀನು ಹೋಗಿ ಚಾಡಿ ಹೇಳ್ತಿ. ಚಿತ್ರ ಕಚ್ಚುತ್ತದಾ ಮಾರಾಯ?"

"ಕೊಂದವರನ್ನು ಬೈಯಲಿ ಬಾವ, ಯಾರು ಬೇಡ ಅಂದ್ರು? ಎಲ್ಲೋ ಇರುವ ಯಹೂದಿ ಮುದುಕಿಯನ್ನೂ ಹಾವು ಮಾಡಿ ತೋರಿಸೋದು ಯಾವ ನ್ಯಾಯ?"

"ನಂಗೆ ನಿನ್ನ ಭಾಷಣ ಬೇಡ. ಬಿಟ್ಟುಬಿಡು ಆ ಕೆಲಸ. ಖಲಾಸ್."

ನಾನು ಬಿಡಲಿಲ್ಲ. ಅಂದಿನಿಂದ ಅವರು ನನ್ನ ಜೊತೆ ಊಟಕ್ಕೆ ಕೂರುವುದನ್ನು ಬಿಟ್ಟರು. ಅಂಗಡಿಗೆ ಹೋದರೆ ಕೆಲಸದವರ ಎದುರೇ "ಬಂದ್ರು, ಯಹೂದಿ ಸಾಹೇಬ್ರು" ಎನ್ನುತ್ತಿದ್ದರು. ಹೆಂಡತಿ ಇಬ್ಬರ ನಡುವೆ ತಟ್ಟೆ ಹಿಡಿದುಕೊಂಡು ಓಡಾಡುತ್ತಿದ್ದಳು. ಒಮ್ಮೆ ನನ್ನ ಮೇಲೆಯೇ ರೇಗಿದಳು: "ನೀವಿಬ್ಬರೂ ಹಟ ಮಾಡಿ. ಪಾತ್ರೆ ತೊಳೆಯುವವಳು ನಾನು."

ಎಂಬಸಿಯಲ್ಲಾದರೂ ನೆಮ್ಮದಿ ಇತ್ತೇ ಎಂದರೆ ಅದೂ ಇಲ್ಲ. ಕತ್ತರಿಸಿಟ್ಟ ಚಿತ್ರಗಳನ್ನು ಹಿಡಿದು ಸೆಕ್ರೆಟರಿ ಒಂದು ದಿನ ಕತಾರ್ ಸರ್ಕಾರದ ಅಧಿಕಾರಿಯನ್ನು ಕಾಣಲು ಹೋದ. ದುಭಾಷಿಯಾಗಿ ನಾನೂ ಹೋದೆ. ಅಧಿಕಾರಿ ಕಹ್ವಾ ಕಾಫಿ ಕುಡಿಸಿದ. ಖಂಡನೆಯನ್ನು ಕೇಳಿಸಿಕೊಂಡ. ಪತ್ರಿಕೆಗಳು ಈಗ ಸ್ವತಂತ್ರ, ಆದರೂ ಹೇಳಿ ನೋಡುತ್ತೇವೆ ಎಂದ. ವಾಪಸು ಬರುವಾಗ ಕಾರಿನಲ್ಲಿ ಸೆಕ್ರೆಟರಿ ಟೈ ಸಡಿಲಿಸಿಕೊಂಡು ಹೇಳಿದ.

"ಈ ಅರಬರು ಹುಟ್ಟಾ ಸುಳ್ಳುಗಾರರು. ಅದು ಅವರ ರಕ್ತದಲ್ಲೇ ಇದೆ."

ನಾನು ಮುಂದಿನ ಸೀಟಿನಿಂದ ತಿರುಗಿ ಕೇಳಿದೆ. "ಸರ್, ಇದನ್ನು ಯಾವ ಫೈಲಿಗೆ ಹಾಕಲಿ?"

ಅವನ ಮುಖ ಕೆಂಪಾಯಿತು. ಮತ್ತೆ ನನ್ನನ್ನು ಎಲ್ಲಿಗೂ ಕರೆದೊಯ್ಯಲಿಲ್ಲ. ನನ್ನ ಸಾರಾಂಶದ ಹಾಳೆಗಳು ಕಾಗುಣಿತದ ತಪ್ಪಿಗೆ ಕೆಂಪು ಗೀಟು ಹಾಕಿಸಿಕೊಂಡು ಮೇಜಿಗೆ ಮರಳತೊಡಗಿದವು. ಕೆಲಸ ಸರಿಯಾದದ್ದೇ, ಮಾಡಿಸುವವನು ಸರಿಯಿರಲಿಲ್ಲ. ಅದಕ್ಕಾಗಿ ಕೆಲಸ ಬಿಡಬೇಕು ಎಂದು ಮಾತ್ರ ನನಗೆ ಅನಿಸಲಿಲ್ಲ.

ಕೆಲವು ವಾರ ಮೂಗಿನ ಚಿತ್ರಗಳು ಕಡಿಮೆಯಾದವು. ಅಧಿಕಾರಿ ನಿಜಕ್ಕೂ ಹೇಳಿದ್ದನೇನೋ. ಆ ನಡುವೆಯೇ ಒಂದು ಬೆಳಿಗ್ಗೆ ಅದೇ ಕಲಾವಿದನ ಹೊಸ ಚಿತ್ರ ಬಂತು. ಚರಂಡಿಯಿಂದ ಸಾಲಾಗಿ ಹತ್ತಿ ಬರುವ ಕಪ್ಪು ಮನುಷ್ಯರು. ಲುಂಗಿ ಉಟ್ಟಿದ್ದಾರೆ, ಲುಂಗಿಯ ಕೆಳಗೆ ಇಲಿಯ ಬಾಲ. ಮನೆಯೊಡತಿ ಪೊರಕೆ ಹಿಡಿದು ನಿಂತಿದ್ದಾಳೆ. ಅಡಿಯಲ್ಲಿ "ಹಿಂದಿಗಳು ಬಂದರು" ಎಂದು ಬರೆದಿತ್ತು. ಹಿಂದಿ ಎಂದರೆ ಅಲ್ಲಿನ ಮಾತಿನಲ್ಲಿ ನಾವು, ಇಂಡಿಯಾದವರು.

ಅದನ್ನು ಕತ್ತರಿಸಿ ಸೆಕ್ರೆಟರಿಯ ಮುಂದಿಟ್ಟೆ. ಅವನು ನೋಡಿ, ಬೆರಳ ತುದಿಯಿಂದ ನನ್ನ ಕಡೆಗೇ ಸರಿಸಿದ. "ಇದು ನಮ್ಮ ವ್ಯಾಪ್ತಿಗೆ ಬರೋದಿಲ್ಲ."

ಸಂಜೆ ಮನೆಗೆ ಹೋದರೆ ಬಾವ ಅದೇ ಪತ್ರಿಕೆ ಹಿಡಿದು ಬಾಗಿಲಲ್ಲೇ ನಿಂತಿದ್ದರು.

"ನಿನ್ನ ಎಂಬಸಿಯವರಿಗೆ ಹೇಳು. ಅವರು ಕಂಪ್ಲೇಂಟ್ ಕೊಡ್ತಾರಲ್ಲ."

"ಹೇಳಿದೆ. ಆಗೋದಿಲ್ಲ ಅಂದ್ರು."

"ಯಹೂದಿಯ ಮೂಗಿಗೆ ಆಗ್ತದೆ, ನಮ್ಮ ಲುಂಗಿಗೆ ಆಗೋದಿಲ್ಲವಾ?" ಅವರ ಕಣ್ಣಲ್ಲಿ ನೀರಿತ್ತು. "ಅಂಗಡಿಗೆ ಒಬ್ಬ ಅರಬಿ ಬಂದು ಇದನ್ನು ಕೌಂಟರಿನ ಮೇಲೆ ಹರಡಿ ನಕ್ಕ, ಗೊತ್ತುಂಟಾ? ನಾನೂ ಜೊತೆಗೆ ನಗಬೇಕಾಯ್ತು."

ಮರುದಿನ ನಾನು ರಜೆ ಹಾಕಿದೆ. ಇಬ್ಬರೂ ಅವರ ಪಿಕಪ್ಪಿನಲ್ಲಿ ಪತ್ರಿಕೆಯ ಕಚೇರಿಗೆ ಹೋದೆವು. ಉಪಸಂಪಾದಕನೊಬ್ಬ ಕೂರಿಸಿ ಮಾತಾಡಿಸಿದ. ನಾನು ಅರಬಿಯಲ್ಲಿ ನಿಧಾನಕ್ಕೆ ಹೇಳಿದೆ. ನಾವು ಈ ಊರಲ್ಲಿ ದುಡಿದು ಬದುಕುವವರು, ನಮ್ಮನ್ನು ಇಲಿ ಮಾಡಿದ್ದು ತಪ್ಪು, ಪತ್ರಿಕೆ ಕ್ಷಮೆ ಕೇಳಬೇಕು.

ಅವನು ನಕ್ಕ. "ನೀವು ಇಲಿಗಳಾ? ಅಲ್ಲವಲ್ಲ. ಮತ್ತೆ ಸಿಟ್ಟು ಯಾಕೆ? ತಮಾಷೆಯ ಚಿತ್ರ." ಆಮೇಲೆ ಕೇಳಿದ, "ಅರಬಿ ಚೆನ್ನಾಗಿದೆ. ಎಲ್ಲಿ ಕೆಲಸ?"

ಹೇಳಿದೆ. ಅವನ ನಗು ಅಲ್ಲೇ ಆರಿತು.

"ಓ, ಯಹೂದಿಗಳ ಪರವಾಗಿ ದೂರು ಕೊಡುವ ಎಂಬಸಿ! ಈಗ ಹಿಂದಿಗಳ ಹೆಸರಲ್ಲಿ ಕಳಿಸಿದ್ದಾರಾ? ಏಳಿ, ಏಳಿ. ಯಲ್ಲಾ, ಹೊರಡಿ."

ಕಾವಲುಗಾರ ಬಂದು ನಮ್ಮನ್ನು ಮೆಟ್ಟಿಲವರೆಗೆ ಬಿಟ್ಟುಹೋದ. ಪಿಕಪ್ಪಿನಲ್ಲಿ ಬಾವ ಚಾವಿ ಹಾಕಿದರು, ತಿರುಗಿಸಲಿಲ್ಲ.

"ನೀನು ಅಲ್ಲಿ ಕೆಲಸ ಮಾಡದಿದ್ರೆ ಅವ ನಮ್ಮ ಮಾತು ಕೇಳ್ತಿದ್ದ" ಎಂದರು.

ನನಗೆ ತಡೆಯಲಾಗಲಿಲ್ಲ. "ಬಾವ, ಮೂಗು ಬಿಡಿಸಿದ ಕೈಯೇ ಈ ಬಾಲ ಬಿಡಿಸಿದ್ದು. ಆಗ ನೀವು ಚಿತ್ರ ಕಚ್ಚುತ್ತದಾ ಅಂದಿರಿ. ನಿನ್ನೆ ನಿಮ್ಮ ಕೌಂಟರಿನಲ್ಲಿ ಆ ಅರಬಿ ನಕ್ಕ. ಇಷ್ಟೂ ಅರ್ಥ ಆಗೋದಿಲ್ಲವಾ?"

"ಅದು ಬೇರೆ, ಇದು ಬೇರೆ!" ಅವರು ಸ್ಟಿಯರಿಂಗಿಗೆ ಗುದ್ದಿದರು. ಹಾರ್ನ್ ಒಮ್ಮೆ ಕೂಗಿ ನಿಂತಿತು. "ಅವರ ಜೊತೆ ನನ್ನನ್ನು ಸೇರಿಸಬೇಡ. ಇಳಿ. ಇಳಿ ಅಂದೆ."

ನಾನು ಇಳಿದೆ. ಬಿಸಿಲಿನಲ್ಲಿ ನಡೆದು ಮನೆ ಸೇರಿದೆ. ಆ ತಿಂಗಳು ಮುಗಿಯುವ ಮೊದಲೇ ನಾವು ಬೇರೆ ಕೋಣೆ ಹಿಡಿದೆವು. ಸಾಮಾನು ಸಾಗಿಸಲು ಪಿಕಪ್ ಬಂತು. ಓಡಿಸಿಕೊಂಡು ಬಂದವನು ಅಂಗಡಿಯ ಕೆಲಸದವನು.

ನಾನು ಎಂಬಸಿಯಲ್ಲಿ ಇನ್ನೂ ಕೆಲವು ವರ್ಷ ಇದ್ದೆ. ಮೂಗಿನ ಚಿತ್ರಗಳು ಮತ್ತೆ ಬಂದವು, ನಾನೂ ಕತ್ತರಿಸಿದೆ. ಸೆಕ್ರೆಟರಿಗೆ ಬೇರೆ ದೇಶಕ್ಕೆ ವರ್ಗವಾಯಿತು. ಹೋಗುವಾಗ ನನ್ನೊಬ್ಬನ ಕೈ ಬಿಟ್ಟು ಎಲ್ಲರ ಕೈ ಕುಲುಕಿದ. ಬಾವ ನಾನು ಆಫೀಸಿನಲ್ಲಿರುವ ಹೊತ್ತು ನೋಡಿ ತಂಗಿಯನ್ನು ಕಾಣಲು ಬರುತ್ತಿದ್ದರು. ಸಂಜೆ ಮನೆಗೆ ಬಂದರೆ ಮೇಜಿನ ಮೇಲೆ ಅವರು ತಂದ ಹಣ್ಣಿನ ಚೀಲ ಇರುತ್ತಿತ್ತು. ನಾನು ಮುಟ್ಟುತ್ತಿರಲಿಲ್ಲ. ಹೆಂಡತಿ ಒಬ್ಬಳೇ ಸುಲಿದು ತಿನ್ನುತ್ತಿದ್ದಳು, ನನ್ನ ಕಡೆ ನೋಡದೆ.