ಟ್ರ್ಯಾಕ್ಟರ್ ಸೀಟಿನ ಮೇಲಿನ ಕೌದಿ

೧೯೯೧ರಲ್ಲಿ, ಏಳನೇ ಇಯತ್ತೆಯ ನಡುವೆ, ನಾನು ರೋಣದ ಶಾಲೆ ಬಿಟ್ಟು ಗೋಡೆ ಕಟ್ಟುವ ಗೌಂಡಿ ಕೆಲಸಕ್ಕೆ ಹೋದೆ. ದುಡಿದದ್ದನ್ನು ಅಂಗಡಿಗೆ ಸುರಿದವನಲ್ಲ. ಶಾವಿಗೆ, ಹಪ್ಪಳ, ಖಾರಪುಡಿ, ಹಲ್ಲುಪುಡಿ ಎಲ್ಲ ಹೆಂಡತಿಯ ಕೈಯವೇ. ರಾತ್ರಿ ಉಳಿದ ರೊಟ್ಟಿಯನ್ನು ಮುರಿದು ಒಗ್ಗರಣೆ ಹಾಕಿದರೆ ಅದೇ ಬೆಳಗಿನ ನಾಷ್ಟಾ. ಹೀಗೆ ಉಳಿಸಿಯೇ ಮಗಳನ್ನು ನರಗುಂದಕ್ಕೆ ಮದುವೆ ಮಾಡಿಕೊಟ್ಟೆವು.

ಬಾಣಂತನ ಮುಗಿಸಿ ಮಗಳನ್ನು ಗಂಡನ ಮನೆಗೆ ಕಳಿಸುವಾಗ ಹೆಂಡತಿ ತನ್ನ ಹಳೆಯ ಸೀರೆಗಳಿಂದ ಕೂಸಿಗೊಂದು ಕೌದಿ ಹೊಲಿದಳು. ಕೌದಿ ಹಸಿದಿರಬಾರದೆಂದು ಕೊನೆಯ ಮೂಲೆ ಮುಚ್ಚುವ ಮೊದಲು ಒಳಗೆ ಹೋಳಿಗೆಯ ಚೂರು ಇಟ್ಟಳು. ಕರೆದೊಯ್ಯಲು ಬಂದಿದ್ದ ಮಗಳ ಅತ್ತೆ ಅದನ್ನು ಎರಡೇ ಬೆರಳಿನಲ್ಲಿ ಎತ್ತಿ ನೋಡಿದರು.

"ರೋಣದಾಗ ರಗ್ಗಿನ ಅಂಗಡಿ ಮುಚ್ಯಾವೇನ್ರಿ ಬೀಗರ?"

"ತೆರದಾವ್ರಿ. ಇಷ್ಟು ಮೆತ್ತಂದು ಅಲ್ಲಿ ಸಿಗಂಗಿಲ್ರಿ," ಎಂದೆ.

ದೀಪಾವಳಿಗೆ ಮಗಳನ್ನು ಕರೆಯಲು ಹೋದಾಗ ಆ ಕೌದಿ ಅವರ ಟ್ರ್ಯಾಕ್ಟರ್ ಸೀಟಿನ ಮೇಲೆ ಡೀಸೆಲ್ ಮೆತ್ತಿಕೊಂಡು ಬಿದ್ದಿತ್ತು. ಎಲ್ಲರ ಎದುರೇ ಎತ್ತಿ, ಮಡಚಿ, ಕಂಕುಳಲ್ಲಿ ಇಟ್ಟುಕೊಂಡೆ.

"ಅಲ್ಲೇ ಇಡಪ್ಪಾ," ಮಗಳು ಮೆಲ್ಲಗೆ ಅಂದಳು. "ನಾ ಇಲ್ಲೇ ಬಾಳೇ ಮಾಡಬೇಕಲ್ಲ."

ನಾನು ಇಡಲಿಲ್ಲ. ಅವರು ಮಗಳನ್ನು ಹಬ್ಬಕ್ಕೆ ಕಳಿಸಲಿಲ್ಲ, ಆಮೇಲೂ ಕಳಿಸಿಲ್ಲ. "ನಿಮ್ಮ ಸೊಕ್ಕಿಗೆ ಕೂಸಿನ ಮುಖ ಕಾಣದಂಗಾತು," ಎಂದು ಹೆಂಡತಿ ಈಗಲೂ ಅನ್ನುತ್ತಾಳೆ. ಅದು ಸೊಕ್ಕೆಂದು ನನಗೆ ಇಂದಿಗೂ ಅನ್ನಿಸಿಲ್ಲ. ಅವಳ ಕಣ್ಣಿನ ದೃಷ್ಟಿ ಮಂದವಾಗಿದ್ದು ಆ ಕೌದಿಯ ಹೊಲಿಗೆಯಲ್ಲಿ.

ಈಗ ನನಗೆ ಸಾಲವಿಲ್ಲದ ಎರಡು ಕೋಣೆಯ ಮನೆ ಇದೆ, ಒಂದು ಎಮ್ಮೆ ಇದೆ, ಗೌಂಡಿ ಕೆಲಸದ ಸಾಮಾನು ಇದೆ, ಫೋನಿನಲ್ಲಿ ಮೊಮ್ಮಗನ ಒಂದು ಫೋಟೋ ಇದೆ.